ಗಾಳಕ್ಕೆ ಬಿದ್ದ ಕಾರಿನವರಿಗೆ

ಮಾನ್ಯ ಕಾರಿನವರೇ,

ಕೆರೆ ದಂಡೆಯ ದೊಡ್ಡ ಮರದ ನೆರಳಿನಲ್ಲಿ ತಾವು ಸುಖವಾಗಿ ನಿಂತಿರುವಿರೆಂದು ಭಾವಿಸಿ, ತಮ್ಮ ನಾಲ್ಕು ಚಕ್ರಗಳಿಗೂ, ಅದರಲ್ಲೂ ಇನ್ನೂ ಗಾಳಿ ಉಳಿಸಿಕೊಂಡಿರುವ ಚಕ್ರಗಳಿಗೆ ವಿಶೇಷವಾಗಿ, ಕೈಮುಗಿದು ಈ ಬಿನ್ನಹವನ್ನು ಬರೆಯುತ್ತಿದ್ದೇನೆ. ನಾನು ತಮಗೆ ಹೊಸಬಳಲ್ಲ. ಕಳೆದ ಮಳೆಗಾಲದಿಂದ ಮೊನ್ನೆಯವರೆಗೆ ತಾವು ಯಾರ ಶೆಡ್ಡಿನಲ್ಲಿ ಹೇಳದೆ ಕೇಳದೆ ಬೀಡುಬಿಟ್ಟಿದ್ದಿರೋ, ಆ ಶೆಡ್ಡಿನ ಹೊಲಿಗೆಯವಳು. ತಮ್ಮ ಸೀಟುಗಳ ಮೇಲಿನ ಕವರು ನನ್ನ ಕೈಯ ಹೊಲಿಗೆ. ತಮ್ಮನ್ನು ಎಳೆದು ತಂದ ಮಹಾನುಭಾವರು ನನ್ನ ಯಜಮಾನರು.

ನಾನು ಓದಿದ್ದು ಐದನೇ ಕ್ಲಾಸು. ಅಲ್ಲಿಂದ ಎಬ್ಬಿಸಿ ಚಿಕ್ಕಮ್ಮನ ಹೊಲಿಗೆ ಮಷೀನಿನ ಮುಂದೆ ಕೂರಿಸಿದರು, ಇವತ್ತಿನವರೆಗೆ ಎದ್ದಿಲ್ಲ. ಆದ್ದರಿಂದ ದೊಡ್ಡವರಿಗೆ ಅರ್ಜಿ ಬರೆಯುವ ನಯನಾಜೂಕು ನನಗೆ ಬಾರದು, ಸಿಟ್ಟು ಮಾತ್ರ ಕರೆಯದೆ ಬರುತ್ತದೆ. ಎಲ್ಲಾದರೂ ಒರಟಾಗಿ ಬರೆದಿದ್ದರೆ ತಾವು ದೊಡ್ಡ ಮನಸ್ಸು ಮಾಡಬೇಕು. ತಮ್ಮ ಡಿಕ್ಕಿಯಷ್ಟು ದೊಡ್ಡದು ಮಾಡಿದರೆ ಸಾಕು. ಈ ಪತ್ರವನ್ನು ಬಹಿರಂಗವಾಗಿ ತಮ್ಮ ಮುಂದಿನ ಗಾಜಿನ ಮೇಲೆ ವೈಪರಿನಡಿ ಸಿಕ್ಕಿಸುವುದಕ್ಕೆ ಕಾರಣವಿದೆ. ಕೆರೆಗೆ ಗಾಳ ಹಾಕಲು ಬರುವವರೆಲ್ಲ ಓದಲಿ. ಅವರಲ್ಲಿ ಒಬ್ಬರು ಮುಖ್ಯವಾಗಿ ಓದಲಿ. ಅವರಿಗೆ ಬಾಯಲ್ಲಿ ಹೇಳಿ ನೋಡಿದ್ದೇನೆ, "ಹೂಂ" ಅನ್ನುತ್ತಾರೆ. ಮದುವೆಯಾದ ವಾರದಲ್ಲಿ ಅದು ಒಪ್ಪಿಗೆಯೆಂದು ತಿಳಿದಿದ್ದೆ. ಅದು ಕೆಮ್ಮಿನ ಹಾಗೆ, ತಾನಾಗಿ ಬರುವುದು, ಅರ್ಥವಿಲ್ಲ.

ತಮ್ಮ ಗುಣಗಾನಕ್ಕೆ ಮೊದಲು ಅವರ ಗುಣಗಾನ ಎರಡು ಮಾತು ಆಗಬೇಕು, ಇಲ್ಲದಿದ್ದರೆ ಓದುವವರಿಗೆ ತಮ್ಮ ಮಹಿಮೆ ಪೂರ್ತಿ ತಿಳಿಯುವುದಿಲ್ಲ. ನಮ್ಮ ಯಜಮಾನರು ಗಾಳಗಾರರು, ಎಡಚರು. ಕೆರೆಯ ಸುತ್ತ ಎಲ್ಲರಿಗೂ ಅವರು ಎಡಗೈ ಮಾವ. ತಾಳ್ಮೆಯಲ್ಲಿ ಅವರಿಗೆ ಕಲ್ಲೂ ಸಮನಲ್ಲ, ಕಲ್ಲಾದರೂ ಬಿಸಿಲಿಗೆ ಕಾದೀತು. ನೀರ ಮೇಲೆ ತೇಲುವ ಆ ಕೆಂಪು ಬಿಳಿ ಬೆಂಡನ್ನು ನೋಡುತ್ತ ಬೆಳಗಿನಿಂದ ಸಂಜೆವರೆಗೆ ಕೂರುತ್ತಾರೆ, ಬೆಂಡು ಮುಳುಗಿತೋ, ತಲೆಗೆ ಸುದ್ದಿ ಮುಟ್ಟುವ ಮೊದಲೇ ಎಡಗೈ ಕೋಲನ್ನು ಮೇಲಕ್ಕೆ ಜಗ್ಗಿರುತ್ತದೆ. ಆ ಕೈಗೆ ಬೇರೆಯೇ ತಲೆಯಿದೆಯೆಂದು ನನ್ನ ಅನುಮಾನ. ಚಹಾದಲ್ಲಿ ಅದ್ದಿದ ಬಿಸ್ಕತ್ತು ಮುರಿದು ಮುಳುಗಿದರೂ ಅದು ಜಗ್ಗುತ್ತದೆ. ನಮ್ಮ ಅಡಿಗೆಮನೆ ಗೋಡೆಯ ಮೇಲಿನ ಕಲೆಗಳನ್ನು ಕೇಳಿದರೆ ಅವು ಸಾಕ್ಷಿ ಹೇಳುತ್ತವೆ.

ಮನೆಯಲ್ಲಿ ಏನು ಕೆಟ್ಟರೂ ಹೊರಗಿನವರನ್ನು ಕರೆಯುವ ಹಾಗಿಲ್ಲ. "ಅದಕ್ಯಾಕೆ ಇನ್ನೊಬ್ರು, ನಾನಿಲ್ವಾ" ಎನ್ನುತ್ತಾರೆ. ನೀವಿರೋದೇ ಕಷ್ಟ ಕಣ್ರೀ ಎಂದರೆ ಹೂಂ ಅನ್ನುತ್ತಾರೆ. ಬಚ್ಚಲಿನ ನಲ್ಲಿ ಸೋರಿದಾಗ ಗಾಳದ ಪೆಟ್ಟಿಗೆಯಿಂದ ಒಂದು ರಬ್ಬರ್ ತುಂಡು ಹೊರಬಂತು. ಈಗ ನಲ್ಲಿ ಸೋರುವುದಿಲ್ಲ, ತಿರುಗುವುದೂ ಇಲ್ಲ. ಬಟ್ಟೆ ಒಣಗಿಸುವ ಹಗ್ಗಕ್ಕೆ ಮೀನಿನ ರೀಲು ಜೋಡಿಸಿದರು, ಹಿಡಿ ತಿರುಗಿಸಿದರೆ ಬಟ್ಟೆಯೆಲ್ಲ ನಿಂತಲ್ಲಿಗೇ ಬರಬೇಕೆಂದು. ಬಂತು. ದೊಡ್ಡ ಹೊದಿಕೆಯೊಂದು ರೀಲಿನೊಳಗೆ ಸುತ್ತಿಕೊಂಡು ಇಂದಿಗೂ ಅರ್ಧ ಅಲ್ಲೇ ವಾಸವಾಗಿದೆ. ಗಾಳದ ಕೋಲಿನ ತುದಿಗೆ ಕಟ್ಟುವ ಪುಟ್ಟ ಗಂಟೆಯನ್ನು ಗೇಟಿಗೆ ಕಟ್ಟಿದ್ದಾರೆ. ಗಾಳಿ ಬೀಸಿದಾಗಲೆಲ್ಲ ಅದು ಕಿಣಿಕಿಣಿ ಅನ್ನುತ್ತದೆ, ಅವರು ಮೀನು ಸಿಕ್ಕಿತೆಂದು ನಿದ್ದೆಗಣ್ಣಲ್ಲಿ ಎದ್ದು ಕೂರುತ್ತಾರೆ.

ಇಂಥವರ ಕಣ್ಣಿಗೆ ತಾವು ಬಿದ್ದಿರಿ. ಕೆರೆಯಾಚೆಯ ದೋಣಿಯವನ ಹಿತ್ತಲಲ್ಲಿ ತಾವು ಇದ್ದಿರಂತೆ, ತಮ್ಮ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಆ ಕಾಲದ ತಮ್ಮ ಸೇವೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆಗ ತಾವು ಮನೆಗೊಂದು ಮೊಟ್ಟೆಯನ್ನಾದರೂ ಕೊಡುತ್ತಿದ್ದಿರಿ. ತಾವು ನಮ್ಮ ಮನೆಗೆ ಬಂದ ದಿನ ಸಂಜೆ ನಾನು ಬಾಣಲೆ ಕಾಯಿಸಿಕೊಂಡು ಮೀನಿನ ದಾರಿ ನೋಡುತ್ತಿದ್ದೆ. ಗೇಟಿನ ಗಂಟೆ ಬಾರಿಸಿತು. ಹೊರಗೆ ಬಂದರೆ ಒಂದು ಟ್ರಾಕ್ಟರು, ಟ್ರಾಕ್ಟರಿನ ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ತಾವು, ತಮ್ಮ ಸ್ಟೀರಿಂಗಿನ ಹಿಂದೆ ಹಲ್ಲು ಬಿಟ್ಟುಕೊಂಡು ನಮ್ಮ ಯಜಮಾನರು. "ಇವಳೇ, ಬಾ ಇಲ್ಲಿ, ಏನ್ ಸಿಕ್ತು ನೋಡು" ಎಂದರು. ಗಾಳದವರು ಸಿಕ್ಕ ಮೀನಿನ ಉದ್ದವನ್ನು ಎರಡು ಕೈ ಅಗಲಿಸಿ ತೋರಿಸುತ್ತಾರಷ್ಟೆ, ಅಗಲಿಸುವಾಗ ಮೀನು ಸ್ವಲ್ಪ ಬೆಳೆಯುತ್ತದೆ. ಅಂದು ಅವರಿಗೆ ಆ ಶ್ರಮವೂ ಇರಲಿಲ್ಲ. ಗೇಟಿನ ಒಳಗೆ ತಮ್ಮ ಮೂತಿ ಇದ್ದಾಗ ಬಾಲ ಇನ್ನೂ ರಸ್ತೆಯಲ್ಲಿತ್ತು. ಬಾಣಲೆ ಇಳಿಸಿದೆ. ಮತ್ತೇನು ಮಾಡಲಿ, ತಮ್ಮನ್ನು ಹುರಿಯಲಾಗುತ್ತದೆಯೇ.

ಈಗ ನನ್ನ ದೂರು. ತಾವು ನುಗ್ಗಿದ ಶೆಡ್ಡು ಬರಿಯ ಶೆಡ್ಡಲ್ಲ. ಅದರ ಉತ್ತರದ ಗೋಡೆಯುದ್ದಕ್ಕೂ ಕಿಟಕಿಯಿದೆ; ಬಿಸಿಲು ಬೀಳದೆ ಬೆಳಕು ಮಾತ್ರ ಬೀಳುತ್ತದೆ. ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಗುಂಡಿಯ ಕಾಜಾ ಮಾಡುವವಳಿಗೆ ಅಂಥ ಬೆಳಕು ಅನ್ನದ ಹಾಗೆ, ಈ ವಯಸ್ಸಿನಲ್ಲಿ ಅನ್ನಕ್ಕಿಂತ ಹೆಚ್ಚು. ಆ ಕಿಟಕಿಯ ಕೆಳಗೆ ನನ್ನ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ತಾವು ಬಂದ ಮರುದಿನವೇ ಆ ಮೇಜಿನ ಮೇಲೆ ತಮ್ಮ ಕರುಳು ಕವಾಟ ಎಲ್ಲ ಹರಡಿತು, ಮಷೀನು ಅಡಿಗೆಮನೆಯ ಹೊರಗಿನ ಕತ್ತಲ ಓಣಿಗೆ ಬಂತು, ನಾನು ಊಟದ ಮೇಜಿನ ಮೇಲೆ ಬಟ್ಟೆ ಕತ್ತರಿಸುವವಳಾದೆ. "ನಾಲ್ಕು ದಿನ ಅಡ್ಜಸ್ಟ್ ಮಾಡ್ಕೊ" ಎಂದರು. ಗಾಳದವರ ನಾಲ್ಕು ದಿನ ಎಂದರೆ ಎಷ್ಟೆಂದು ನನಗೆ ಗೊತ್ತಿರಬೇಕಿತ್ತು.

ಊರ ಬ್ಯಾಂಡಿನವರ ಕೋಟುಗಳನ್ನು ಹೊಲಿಯುವವಳು ನಾನೇ, ಹಿಂದಿನ ಬ್ಯಾಂಡ್ ಮಾಸ್ಟರ ಕಾಲದಿಂದ. ಮನೆಯೊಳಗಿನ ಮಬ್ಬಿನಲ್ಲಿ ಕತ್ತರಿಸಿ ಡ್ರಮ್ಮಿನವನ ಕೋಟಿಗೆ ಎರಡೂ ಎಡಗಡೆಯ ತೋಳು ಕೂರಿಸಿದೆ. ಈ ಕಸುಬಿಗೆ ಕೂತಾಗಿನಿಂದ ನನ್ನ ಕೈಯಲ್ಲಿ ಹಾಗೆ ಆದದ್ದಿಲ್ಲ. ಬ್ಯಾಂಡ್ ಮಾಸ್ಟರು ಕೋಟನ್ನು ಎತ್ತಿ ಹಿಡಿದು ಆಚೆ ಈಚೆ ನೋಡಿ, "ಅಮ್ಮಾ, ಇದನ್ನ ನಿಮ್ಮೆಜಮಾನ್ರಿಗೇ ಇಟ್ಕೊಳ್ಳಿ" ಎಂದು ನಕ್ಕರು. ನಗು ನಿಂತ ಮೇಲೆ, ಇನ್ನೊಂದು ಸಲ ಹೀಗಾದರೆ ಪೇಟೆಯ ರೆಡಿಮೇಡ್ ಅಂಗಡಿಗೆ ಹೋಗಬೇಕಾಗುತ್ತದೆ ಎಂದು ಮೆತ್ತಗೆ ಹೇಳಿದರು. ಅವರು ಗಟ್ಟಿಯಾಗಿ ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಮೆತ್ತಗೆ ಹೇಳಿದ್ದು ಇನ್ನೂ ಚುಚ್ಚುತ್ತಿದೆ. ಇದಕ್ಕೆ ತಮ್ಮ ಸಮಜಾಯಿಷಿ ಏನಿದೆಯೋ ತಿಳಿಸಬೇಕು. ಹಾರ್ನಿನಲ್ಲಿ ತಿಳಿಸಿದರೂ ಆದೀತು, ಅದು ಕೆಲಸ ಮಾಡುತ್ತಿದ್ದರೆ.

ತಮ್ಮ ಜೀರ್ಣೋದ್ಧಾರದ ವೈಭವವನ್ನು ಎಷ್ಟು ಹೊಗಳಿದರೂ ಸಾಲದು. ಹಳೆಯ ಕಾರಿಗೆ ಹಳೆಯ ಸಾಮಾನೇ ಹಾಕಬೇಕು, ಎಲ್ಲವೂ ಒರಿಜಿನಲ್ ಇರಬೇಕೆಂದು ಯಜಮಾನರು ಮೊದಲ ವಾರ ಭಾಷಣ ಮಾಡಿದರು. ಒರಿಜಿನಲ್ ಎಲ್ಲೂ ಸಿಗದಿದ್ದಾಗ ಗಾಳದ ಪೆಟ್ಟಿಗೆ ತೆರೆಯಿತು. ತಮ್ಮ ಬಾಗಿಲ ಗಾಜು ಏರಿಸುವ ಹಿಡಿ ಮುರಿದಿತ್ತಲ್ಲ, ಅಲ್ಲಿ ಈಗ ಮೀನಿನ ರೀಲು ಕೂತಿದೆ. ಗಾಜು ಮೇಲೆ ಬರುವಾಗ ಕಿರ್ರೆನ್ನುತ್ತದೆ, ಯಜಮಾನರ ಮುಖ ಅರಳುತ್ತದೆ. ರೇಡಿಯೋದ ಕಡ್ಡಿ ಮುರಿದ ಗಾಳದ ಕೋಲು. ರೇಡಿಯೋ ಇಲ್ಲ, ಕಡ್ಡಿ ಇದೆ. ಚಕ್ರ ಓಲಾಡದಿರಲೆಂದು ಅಂಚಿಗೆ ಗಾಳದ ಸೀಸದ ಗುಂಡುಗಳು ಅಂಟಿಕೊಂಡಿವೆ. ವೈಪರಿಗೆ ದಾರ ಕಟ್ಟಿ ಕಿಟಕಿಯಿಂದ ಒಳಗೆ ತಂದಿದ್ದಾರೆ. ಮಳೆ ಬಂದರೆ ಒಬ್ಬರು ಆ ಕಡೆಯಿಂದ ಒಬ್ಬರು ಈ ಕಡೆಯಿಂದ ಎಳೆಯಬೇಕು. ದಂಪತಿಗಳು ಕೂಡಿ ಬಾಳಬೇಕೆಂಬ ತಮ್ಮ ಕಾಳಜಿಗೆ ನಾನು ಋಣಿ. ಒಟ್ಟಿನಲ್ಲಿ ತಮ್ಮಲ್ಲಿ ಒರಿಜಿನಲ್ಲಾಗಿ ಉಳಿದಿರುವುದು ಹಠ ಒಂದೇ, ಅದರ ಮೇಲೆ ಮಾತ್ರ ತುಕ್ಕು ಹಿಡಿದಿಲ್ಲ.

ಸ್ಟಾರ್ಟ್ ಆಗುವ ವಿಷಯ. ನಾನು ಶೆಡ್ಡಿನಲ್ಲಿದ್ದಾಗ ತಾವು ಒಮ್ಮೆಯೂ ಬಾಯಿ ಬಿಟ್ಟವರಲ್ಲ. ನಾನು ಅಂಗಡಿಗೆ ಹೋಗಿ ಬಂದರೆ ಸಾಕು, "ಛೆ, ಈಗ ತಾನೇ ಸ್ಟಾರ್ಟ್ ಆಗಿತ್ತು, ನೀನಿರ್ಲಿಲ್ಲ" ಎನ್ನುತ್ತಾರೆ. ತಪ್ಪಿಸಿಕೊಂಡ ಮೀನೇ ಯಾವಾಗಲೂ ದೊಡ್ಡದು ಎಂಬುದನ್ನು ಕೇಳಿ ಕೇಳಿ ಕಿವಿ ತೂತಾದವಳು ನಾನು. ತಮ್ಮ ತಪ್ಪಿಸಿಕೊಂಡ ಸದ್ದೂ ದಿನದಿನಕ್ಕೆ ಬೆಳೆಯಿತು. ಮೊದಲು ಗುರ್ ಎಂದಿತ್ತಂತೆ, ಆಮೇಲೆ ಕಿಟಕಿ ನಡುಗಿತಂತೆ, ಕೊನೆಗೆ ಪಕ್ಕದ ಮನೆಯವರು ಬಂದು ಕೇಳಿದರಂತೆ. ಪಕ್ಕದ ಮನೆಯಾಕೆಯನ್ನು ವಿಚಾರಿಸಿದೆ. "ಅಯ್ಯೋ, ನಾವು ಕೇಳಿದ್ದು ನೀವು ಬೈಯೋ ಸದ್ದು ಅಕ್ಕಾ" ಎಂದಳು.

ಇನ್ನು ಒಂದು ವಿಷಯವನ್ನು ಬರೆಯಲೇಬೇಕು, ಮುಂದಿನದಕ್ಕೆ ಅದೇ ಬುಡ. ನನ್ನಲ್ಲಿ ಒಂದು ದೊಡ್ಡ ಕತ್ತರಿಯಿದೆ. ಚಿಕ್ಕಮ್ಮ ಕೆಲಸ ಬಿಟ್ಟ ದಿನ ನನ್ನ ಕೈಗೆ ಕೊಟ್ಟದ್ದು. ನಮ್ಮ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ: ಹೊಲಿಗೆಯವರ ಕತ್ತರಿ ಬಟ್ಟೆ ಬಿಟ್ಟು ಬೇರೇನನ್ನೂ ಕತ್ತರಿಸಬಾರದು, ಕಾಗದವನ್ನೂ. ಕತ್ತರಿಸಿದರೆ ಬಾಯಿ ಕೆಡುತ್ತದೆ, ಬಟ್ಟೆಯ ಎಳೆ ಹಿಡಿಯುತ್ತದೆ. ಹೊಲಿಗೆಯವರ ಮನೆಯ ಕೂಸಿಗೂ ಇದು ಗೊತ್ತು. ನಮ್ಮ ಯಜಮಾನರು ಅದೇ ಕತ್ತರಿಯಲ್ಲಿ ತಮ್ಮ ಬಾಗಿಲಿನ ತುಕ್ಕು ಉಜ್ಜಲು ಮರಳುಕಾಗದ ಕತ್ತರಿಸಿದರು. ಆಗ ನಾನು ಏನೇನು ಅಂದೆನೆಂದು ತಾವು ಅಲ್ಲೇ ನಿಂತು ಕೇಳಿದ್ದೀರಿ, ತಮ್ಮ ಬಾಗಿಲು ಆ ಹೊತ್ತು ತಾನಾಗಿ ಮುಚ್ಚಿಕೊಂಡಿತು. ಕತ್ತರಿಯನ್ನು ಸಾಣೆ ಹಿಡಿಸಿ ತಂದೆ. ಅಂದಿನಿಂದ ಅದನ್ನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ. ಎಲ್ಲಿಗೆ ಹೋದರೂ ನನ್ನ ಕೈಚೀಲದಲ್ಲೇ, ಬಟ್ಟೆ ಸುತ್ತಿಕೊಂಡು ಬರುತ್ತದೆ. ಜನ ಪರ್ಸು ಇಟ್ಟುಕೊಳ್ಳುತ್ತಾರೆ, ನಾನು ಕತ್ತರಿ ಇಟ್ಟುಕೊಳ್ಳುತ್ತೇನೆ.

ಎರಡು ಎಡತೋಳಿನ ಪ್ರಸಂಗವಾದ ಮೇಲೆ ನಾನು ಯಜಮಾನರನ್ನು ನಿಲ್ಲಿಸಿ ಕೇಳಿದೆ, ನನ್ನ ಶೆಡ್ಡು ಯಾವಾಗ ಬಿಡುತ್ತೀರಿ ಎಂದು. ಅಂದು ಹೂಂ ಅನ್ನಲಿಲ್ಲ. "ನೋಡು, ಅರ್ಧಂಬರ್ಧ ರಿಪೇರಿ ಆಗಿರೋದನ್ನ ಹೊರಗಡೆ ನಿಲ್ಸಿದ್ರೆ ಮಳೆಗೆ ಮತ್ತೆ ತುಕ್ಕು ಹಿಡಿಯತ್ತೆ. ಒಂದ್ಸಲ ತನ್ನ ಕಾಲ ಮೇಲೆ ಕೆರೆಗೆ ಹೋಗಿ ತನ್ನ ಕಾಲ ಮೇಲೆ ವಾಪಸ್ ಬರ್ಲಿ. ಬಂದ ದಿನ ಗೇಟಿನ ಪಕ್ಕ ಮರದ ಕೆಳಗೆ ನಿಲ್ಲಿಸ್ತೀನಿ, ಶೆಡ್ಡು ನಿಂದು" ಎಂದರು. ಅವರು ಸುಳ್ಳು ಹೇಳಿದರೆ ಅದು ಮೀನಿನ ವಿಷಯದಲ್ಲಿ ಮಾತ್ರ, ಬೇರೆ ಮಾತಿಗೆ ತಪ್ಪುವವರಲ್ಲ. ಹೀಗೆ ನನ್ನ ಕಿಟಕಿ, ನನ್ನ ಮೇಜು, ಬ್ಯಾಂಡಿನವರ ಕೋಟು, ಎಲ್ಲವೂ ತಮ್ಮ ನಾಲ್ಕು ಕಾಲಿಗೆ ಬಂದು ಜೋತುಬಿದ್ದವು. ಆ ದಿನದಿಂದ ನಾನು ತಮ್ಮನ್ನು ಬೈಯುವುದನ್ನು ಕಡಿಮೆ ಮಾಡಿದ್ದನ್ನು ತಾವು ಗಮನಿಸಿರಬಹುದು. ಕೆಲಸ ಆಗುವತನಕ ಕತ್ತೆಯ ಕಾಲನ್ನೂ ಹಿಡಿಯಬೇಕಂತೆ, ತಮ್ಮವು ಹೇಗೂ ಕಾಲಲ್ಲ, ಟೈರು. ಸೀಟಿಗೆ ಕವರು ಹೊಲಿದು ಕೊಟ್ಟದ್ದೂ ಆಗಲೇ. ಕಾಲಿನ ಬ್ರೇಕನ್ನು ಮಾತ್ರ ಗ್ಯಾರೇಜಿನವರೇ ಕೂರಿಸಬೇಕೆಂದು ಹಠ ಹಿಡಿದವಳೂ ನಾನೇ. ಅದನ್ನೂ ಗಾಳದ ಪೆಟ್ಟಿಗೆಯಿಂದ ಮಾಡಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ.

ಉಳಿದದ್ದೆಲ್ಲ ಅವರ ಕೈಯದೇ. ತಮ್ಮ ಹ್ಯಾಂಡ್‌ಬ್ರೇಕಿನ ತಂತಿ ತುಂಡಾಗಿತ್ತು. ಅದರ ಜಾಗಕ್ಕೆ, ದೊಡ್ಡ ಮೀನಿಗೆಂದೇ ಇಟ್ಟಿದ್ದ ಹೆಣೆದ ದಾರವನ್ನು ಮೂರೆಳೆ ಹೊಸೆದು ಹಾಕಿದರು, ತುದಿಗೆ ಅವರ ಹೆಮ್ಮೆಯ ಗಂಟು ಹಾಕಿದರು. ಎಳೆದಷ್ಟೂ ಬಿಗಿಯುವ ಗಂಟು, ಎಂಥ ಮೀನು ಒದ್ದಾಡಿದರೂ ಬಿಚ್ಚದು. ಬಿಚ್ಚಬೇಕಾದಾಗ ಏನು ಮಾಡುತ್ತೀರಿ ಎಂದು ಕೇಳಿದೆ. "ಬಿಚ್ಚೋದ್ಯಾಕೆ" ಎಂದರು. ಪೆಟ್ರೋಲ್ ಎಷ್ಟಿದೆಯೆಂದು ಮುಳ್ಳಿಗೆ ತಿಳಿಸಲು ತಮ್ಮ ಟ್ಯಾಂಕಿನೊಳಗೆ ಒಂದು ಹಿತ್ತಾಳೆಯ ಬುರುಡೆ ತೇಲುತ್ತಿತ್ತಂತೆ, ಅದಕ್ಕೆ ತೂತು ಬಿದ್ದಿತ್ತು. ತೇಲುವ ವಸ್ತುವಿನ ವಿಷಯದಲ್ಲಿ ನಮ್ಮವರಿಗೆ ಯಾರು ಬುದ್ಧಿ ಹೇಳಬೇಕು. ಬುರುಡೆ ಕಿತ್ತು, ಗಾಳದ ಕೆಂಪು ಬಿಳಿ ಬೆಂಡನ್ನು ಕಟ್ಟಿದರು. ಕಟ್ಟುವ ಮೊದಲು ಪರೀಕ್ಷೆಯನ್ನೂ ಮಾಡಿದರು, ಬಕೆಟ್ಟಿನ ನೀರಿನಲ್ಲಿ. ಬೆಂಡು ರಾಜನ ಹಾಗೆ ತೇಲಿತು. ಅದು ಥರ್ಮಾಕೋಲಿನದು, ಪೆಟ್ರೋಲಿಗೆ ಬಿದ್ದರೆ ಕರಗಿ ಅಂಟಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮೇಲಿನ ಬಣ್ಣದ ಕವಚ ಇರುವಷ್ಟು ಹೊತ್ತು ಮಾತ್ರ ಅದರ ರಾಜ್ಯಭಾರ.

ಕಳೆದ ಭಾನುವಾರ ತಾವು ನನ್ನ ಕಣ್ಣೆದುರಿಗೇ ಸ್ಟಾರ್ಟ್ ಆದಿರಿ. ಸತ್ಯವನ್ನು ಮುಚ್ಚಿಡುವವಳಲ್ಲ ನಾನು, ಚಪ್ಪಾಳೆ ತಟ್ಟಿಬಿಟ್ಟೆ. ಯಜಮಾನರು ತೊಳೆದ ಅಂಗಿ ಹಾಕಿಕೊಂಡು ಬಂದರು. ಹೆಂಡತಿಗೆ ಮುಂದಿನ ಸೀಟಿನಲ್ಲಿ ಜಾಗವಿರಲಿಲ್ಲ, ಅಲ್ಲಿ ಎರೆಹುಳುವಿನ ಡಬ್ಬಿ, ಗಾಳದ ಪೆಟ್ಟಿಗೆ ಮತ್ತು ಬುತ್ತಿ ಕೂತಿದ್ದವು. "ಡಬ್ಬಿ ಹಿಂದಿಟ್ರೆ ಉರುಳತ್ತೆ, ನೀನು ಉರುಳಲ್ವಲ್ಲ" ಎಂದರು. ನಾನು ಹಿಂದೆ, ಕೋಳಿಗಳು ಕೂತಿದ್ದ ಜಾಗದಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಪೇಟೆ ಬೀದಿಯಲ್ಲಿ ಜನ ತಿರುಗಿ ನೋಡಿದರು. ಯಜಮಾನರ ಕತ್ತು ನೆಟ್ಟಗಾಯಿತು, ಹಿಂದಿನಿಂದ ನೋಡಿದರೆ ಮದುವೆಯ ದಿನ ಇದ್ದ ಹಾಗೇ ಇತ್ತು. ಪೆಟ್ರೋಲಿನ ಮುಳ್ಳು ಮೇಲಿನ ತುದಿಯಲ್ಲಿ ನಿಂತಿತ್ತು. ಅವರು ರಸ್ತೆಯನ್ನೂ ನೋಡುತ್ತಿದ್ದರು, ಮುಳ್ಳನ್ನೂ ನೋಡುತ್ತಿದ್ದರು. ಬೆಂಡು ಕಟ್ಟಿದವರು ಬೆಂಡಿನ ಮೇಲಿಂದ ಕಣ್ಣು ತೆಗೆಯುತ್ತಾರೆಯೇ.

ಕಮಾನು ಸೇತುವೆಯ ನೆತ್ತಿ ದಾಟಿ, ಇನ್ನೇನು ಕೆರೆಯ ಕಡೆಗೆ ಇಳಿಯಬೇಕು, ಅಷ್ಟರಲ್ಲಿ ಒಳಗೆ ಬೆಂಡು ಕರಗಿ ಮುಗಿಯಿತು, ಮುಳ್ಳು ಪಟ್ಟನೆ ಕೆಳಗೆ ಮುಳುಗಿತು. ಮುಳುಗಿತು ನೋಡಿ, ಆ ಎಡಗೈ ಸುಮ್ಮನಿರುತ್ತದೆಯೇ. ಹತ್ತಿರದಲ್ಲಿ ಅದಕ್ಕೆ ಗಾಳದ ಕೋಲಿನ ಹಾಗೆ ಸಿಕ್ಕಿದ್ದು ತಮ್ಮ ಹ್ಯಾಂಡ್‌ಬ್ರೇಕು. ಮೇಲಕ್ಕೆ ಜಗ್ಗಿದರು, ದೊಡ್ಡ ಮೀನಿಗೆ ಜಗ್ಗುವ ಹಾಗೆ, ಸೊಂಟ ಹಿಂದಕ್ಕೆ ಕೊಟ್ಟು. "ಬಿತ್ತು" ಎಂದರು. ತಾವು ಕಿರುಚಿ ನಿಂತಿರಿ. ಎರೆಹುಳುವಿನ ಡಬ್ಬಿ, ಉರುಳಬಾರದೆಂದು ಮುಂದೆ ಕೂತಿದ್ದ ಡಬ್ಬಿ, ಹಾರಿ ತಮ್ಮ ಮುಂದಿನ ಗಾಜಿಗೆ ಬಡಿದು ಬಾಯಿ ಬಿಟ್ಟಿತು. ಆ ಹುಳುಗಳ ಸಂಬಂಧಿಕರು ಇಂದಿಗೂ ತಮ್ಮ ಡ್ಯಾಶ್‌ಬೋರ್ಡಿನ ಸಂದಿಯಲ್ಲಿ ವಿಳಾಸ ಇಟ್ಟುಕೊಂಡಿರಬೇಕು.

ಗಂಟು ತನ್ನ ಮಾತು ಉಳಿಸಿಕೊಂಡಿತು. ಬಿಗಿದದ್ದು ಬಿಗಿದೇ ಇತ್ತು. ಹ್ಯಾಂಡ್‌ಬ್ರೇಕು ಕೆಳಗಿಳಿಯಲಿಲ್ಲ, ಹಿಂದಿನ ಚಕ್ರ ಅಲ್ಲಾಡಲಿಲ್ಲ. ಇಕ್ಕಟ್ಟಿನ ಸೇತುವೆ, ಹಿಂದೆ ಬಸ್ಸು, ಬಸ್ಸಿನ ಹಿಂದೆ ಬ್ಯಾಂಡಿನವರ ವ್ಯಾನು. ಬಸ್ಸಿನ ಡ್ರೈವರು ತಲೆ ಹೊರಹಾಕಿ, "ತಾತ, ಗಾಳ ಹಾಕಕ್ಕೆ ಕೆರೆ ಇನ್ನೂ ಮುಂದಿದೆ" ಎಂದ. ಬ್ಯಾಂಡ್ ಮಾಸ್ಟರು ವ್ಯಾನಿನಿಂದ ಇಳಿದು ಬಂದು ಕಿಟಕಿಯಲ್ಲಿ ನನ್ನನ್ನು ಕಂಡು, "ಓ, ಅಮ್ಮನವ್ರು. ಕೋಟು ಎಲ್ಲಿಗೆ ಬಂತಮ್ಮಾ" ಎಂದರು. ಸೇತುವೆಗೆ ಬಂದಿದೆ ಎಂದೆ. ಯಜಮಾನರು ಬಗ್ಗಿ ಆ ಗಂಟಿನ ಮೇಲೆ ಉಗುರು ಹಾಕಿದರು, ಹಲ್ಲು ಹಾಕಿದರು, ಸ್ಕ್ರೂಡ್ರೈವರ್ ಹಾಕಿದರು. ಗಾಳದ ಪೆಟ್ಟಿಗೆಯ ಚಾಕು ಬೆಣ್ಣೆಯನ್ನೂ ಕತ್ತರಿಸದು. ಬೆವರಿದರು. ನನ್ನ ಕಡೆ ತಿರುಗಿ ನೋಡಿದರು, ನನ್ನ ಕೈಚೀಲ ನೋಡಿದರು, ನೋಡಿದ್ದೇ ತಪ್ಪೆನ್ನುವ ಹಾಗೆ ಕಣ್ಣು ತೆಗೆದರು. ಕೇಳಲಿಲ್ಲ.

ಕೇಳಿದ್ದರೆ ಕೊಡುತ್ತಿರಲಿಲ್ಲ. ನಾನು ಹೊಲಿದ ಸೀಟನ್ನು ನಾನೇ ಎತ್ತಿ, ಅದರಡಿ ಹಾದುಹೋದ ಆ ಮೂರೆಳೆಯ ದಾರಕ್ಕೆ ಚಿಕ್ಕಮ್ಮನ ಕತ್ತರಿ ಇಟ್ಟೆ. ಒಂದೇ ಏಟಿಗೆ ತುಂಡಾಗಲಿಲ್ಲ. ಅದುಮಿದಾಗ ಅಲಗಿನಲ್ಲಿ ಕಚ್ಚು ಬಿದ್ದದ್ದು ಬೆರಳಿಗೆ ತಿಳಿಯಿತು, ಬೇಡವೆಂದರೂ ತಿಳಿಯಿತು. ದಾರ ಟಣ್ಣೆಂದು ಹರಿಯಿತು. ಯಜಮಾನರು, "ಏ, ಕತ್ತರಿ ಕಣೇ ಅದು" ಎಂದರು, ದಾರ ಹರಿದ ಮೇಲೆ.

ಇಂಜಿನ್ ಮತ್ತೆ ಬಾಯಿ ಬಿಡಲಿಲ್ಲ, ಕರಗಿದ ಬೆಂಡು ತಮ್ಮ ಗಂಟಲಿನಲ್ಲಿ ಅಂಟಾಗಿ ಕೂತಿತ್ತು. ಆದರೆ ಮುಂದೆ ಇಳಿಜಾರಿತ್ತು, ಗ್ಯಾರೇಜಿನವರ ಬ್ರೇಕಿತ್ತು. ಹಿಂದಿನಿಂದ ಬ್ಯಾಂಡಿನವರು ಒಂದು ನೂಕು ಕೊಟ್ಟರು. ಸೇತುವೆಯಿಂದ ಕೆರೆಯ ಮರದವರೆಗೆ ತಾವು ಉಸಿರೆತ್ತದೆ ಉರುಳಿಕೊಂಡು ಹೋದಿರಿ, ಟೈರಿನ ಕೆಳಗೆ ಕಲ್ಲು ಸರಿಯುವ ಸದ್ದು ಮಾತ್ರ. ತಮ್ಮಲ್ಲಿ ಇಷ್ಟು ನಯವಾದ ನಡೆಯಿದೆಯೆಂದು ನನಗೆ ಗೊತ್ತಿರಲಿಲ್ಲ. ಇಂಜಿನ್ ಇಲ್ಲದಿದ್ದಾಗ ತಾವು ಅತ್ಯುತ್ತಮ ಕಾರು.

ಅಂದು ಯಜಮಾನರು ಗಾಳ ಹಾಕಲಿಲ್ಲ. ಅದನ್ನು ತಾವೂ ಕಂಡಿದ್ದೀರಿ, ಮರದಡಿ ನಿಂತಿದ್ದಿರಲ್ಲ. ಕೊಕ್ಕೆ ಮಸೆಯುವ ಸಣ್ಣ ಕಲ್ಲು ತೆಗೆದರು, ನನ್ನ ಚೀಲದಿಂದ ಕತ್ತರಿ ತೆಗೆದುಕೊಂಡರು, ನೀರಿನ ಅಂಚಿನಲ್ಲಿ ಕೂತು ಮಸೆದರು. ಮುಂದೆಯೇ ಮೀನು ಎದ್ದು ಬೀಳುತ್ತಿತ್ತು, ತಲೆ ಎತ್ತಲಿಲ್ಲ. ಅಕ್ಕಪಕ್ಕದ ಗಾಳದವರು, "ಎಡಗೈ ಮಾವ, ಇವತ್ತೇನು, ಮೀನಿಗೆ ಅಂಗಿ ಹೊಲೀತೀಯಾ" ಎಂದು ರೇಗಿಸಿದರು. ಹೂಂ ಎಂದರು. ನಾನು ಬುತ್ತಿ ಬಿಚ್ಚಿ ಮುಂದಿಟ್ಟರೂ ಮಸೆಯುತ್ತಲೇ ಇದ್ದರು. ಕತ್ತರಿ ಕೊಡುವಾಗ ಅಲಗನ್ನು ಅವರ ಕಡೆಗಿಟ್ಟುಕೊಂಡು, ಹಿಡಿಯನ್ನು ನನ್ನ ಕಡೆ ಮಾಡಿ ಕೊಟ್ಟರು. ಕಚ್ಚು ಪೂರ್ತಿ ಹೋಗಿಲ್ಲ. ಒಂದು ಜಾಗದಲ್ಲಿ ಬಟ್ಟೆ ಇನ್ನೂ ಒಂದೆಳೆ ಹಿಡಿಯುತ್ತದೆ. ಹೋಗಿದೆ ಎಂದು ಅವರಿಗೆ ಹೇಳಿದ್ದೇನೆ. ಅವರ ಮೀನಿನ ಲೆಕ್ಕದಲ್ಲಿ ಇದು ದೊಡ್ಡ ಸುಳ್ಳೇನಲ್ಲ. ಈ ಸಾಲು ಓದ ಹೊರಟ ಗಾಳದವರೊಬ್ಬರು ಇದನ್ನು ಬಿಟ್ಟು ಮುಂದಿನ ಸಾಲಿಗೆ ಹೋಗಬೇಕೆಂದು ವಿನಂತಿ.

ಹೀಗೆ ತಾವು ಕೆರೆಯ ದಂಡೆಯಲ್ಲೇ ಉಳಿದಿರಿ, ನನ್ನ ಶೆಡ್ಡು ನನಗೆ ಉಳಿಯಿತು. ಸೋಮವಾರ ಬೆಳಿಗ್ಗೆ ಕಿಟಕಿ ಒರೆಸಿ, ಮೇಜಿನ ಎಣ್ಣೆಯನ್ನು ಬೂದಿ ಹಾಕಿ ಉಜ್ಜಿ, ಬ್ಯಾಂಡಿನವರ ಬಟ್ಟೆಯನ್ನು ಉದ್ದಕ್ಕೆ ಹರಡಿದೆ. ಕಪ್ಪು ಬಟ್ಟೆಯ ಮೇಲೆ ಎಳೆ ಎಳೆ ಕಂಡಿತು. ಡ್ರಮ್ಮಿನವನಿಗೆ ಬಲಗಡೆಯ ತೋಳು ಕತ್ತರಿಸಿ ಕೂರಿಸಿದೆ, ಉಳಿದ ಕೋಟುಗಳೂ ಮುಗಿದವು. ಬ್ಯಾಂಡ್ ಮಾಸ್ಟರು ಎರಡೂ ತೋಳನ್ನು ಎರಡೆರಡು ಸಲ ಎಳೆದು ನೋಡಿ, ಹೊಸ ಪ್ಯಾಂಟುಗಳ ಬಟ್ಟೆಯನ್ನೂ ಇಳಿಸಿ ಹೋದರು. ರೆಡಿಮೇಡ್ ಅಂಗಡಿಯ ಮಾತು ಆಡಲಿಲ್ಲ. ಇದಕ್ಕಾಗಿ ತಮಗೆ ಕೃತಜ್ಞತೆ ಹೇಳಿ ಇಲ್ಲಿಗೆ ಪತ್ರ ಮುಗಿಸಬಹುದಿತ್ತು.

ಆದರೆ ಯಜಮಾನರ ಪ್ರಕಾರ ಒಪ್ಪಂದ ಇನ್ನೂ ಮುಗಿದಿಲ್ಲ. "ಹೋಗಿದ್ದಾಯ್ತು, ಬಂದಿದ್ದೆಲ್ಲಿ" ಎನ್ನುತ್ತಾರೆ. ದಿನವೂ ಬುತ್ತಿ ಕಟ್ಟಿಸಿಕೊಂಡು ಕೆರೆಗೆ ಬಂದು ತಮ್ಮ ಟ್ಯಾಂಕು ತೊಳೆದು, ಗಂಟಲು ಶುದ್ಧಿ ಮಾಡಿ, ಹ್ಯಾಂಡ್‌ಬ್ರೇಕಿಗೆ ನಿಜವಾದ ತಂತಿ ಹಾಕುತ್ತಿದ್ದಾರೆ. ಈ ಭಾನುವಾರ ಮನೆಗೆ ಹೊರಡುವುದಂತೆ. ತಾವು ತಮ್ಮ ಕಾಲ ಮೇಲೆ ಬಂದರೆ ಗೇಟಿನ ಪಕ್ಕದ ಮರದ ಕೆಳಗೆ, ಟ್ರಾಕ್ಟರಿನ ಹಗ್ಗದಲ್ಲಿ ಬಂದರೆ ಮತ್ತೆ ಶೆಡ್ಡಿಗೆ. ಅಂದರೆ ಪ್ಯಾಂಟುಗಳು ಮತ್ತೆ ಓಣಿಗೆ. ಯಾರ ಪ್ಯಾಂಟಿಗೆ ಎರಡೂ ಎಡಗಾಲಾಗುವುದೋ ಬಲ್ಲವರಾರು.

ಆದ್ದರಿಂದ ಕೊನೆಯದಾಗಿ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಭಾನುವಾರ ಒಂದು ದಿನದ ಮಟ್ಟಿಗೆ ತಾವು ಕಾರಿನ ಹಾಗೆ ವರ್ತಿಸಬೇಕು. ವಯಸ್ಸಾದವರಿಗೆ ಮಂಡಿ ನೋವು, ಉಬ್ಬಸ ಎಲ್ಲ ಇದ್ದದ್ದೇ, ನನಗೂ ಇದೆ, ಆದರೂ ಹೊಲಿಗೆ ಮಷೀನು ತುಳಿಯುತ್ತೇನೆ. ಸೇತುವೆಯನ್ನು ಈ ಸಲ ಏರಬೇಕು, ಹೋದ ಸಲದ ಹಾಗೆ ಉರುಳಿದರಾಗದು. ದಾರಿಯಲ್ಲಿ ಕೆಮ್ಮುವುದಿದ್ದರೆ ಕೆಮ್ಮಿ, ನಿಲ್ಲಬೇಡಿ. ಗೇಟಿನ ಗಂಟೆ ಬಾರಿಸುವಾಗ ತಮ್ಮ ಮುಂದೆ ಟ್ರಾಕ್ಟರು ಕಾಣಬಾರದು. ಮಳೆ ಬಂದರೆ ಚಿಂತೆಯಿಲ್ಲ, ತಮ್ಮ ಮೈಯಳತೆಗೆ ದಪ್ಪ ಬಟ್ಟೆಯ ಹೊದಿಕೆಯೊಂದನ್ನು ಕತ್ತರಿಸಿಟ್ಟಿದ್ದೇನೆ, ಮರದ ಕೆಳಗೆ ಹೊದ್ದು ಮಲಗಬಹುದು. ಬ್ಯಾಂಡಿನವರ ಕೋಟಿನಿಂದ ಉಳಿದ ಬಂಗಾರದ ಪಟ್ಟಿಯನ್ನು ಅಂಚಿಗೆ ಕೊಟ್ಟಿದ್ದೇನೆ. ಅದನ್ನು ಸನ್ಮಾನವೆಂದು ತಿಳಿದು ಉಬ್ಬಬೇಡಿ, ಬಿಸಾಡಲು ಮನಸ್ಸು ಬರಲಿಲ್ಲ ಅಷ್ಟೆ.

ಇಂತು, ತಮ್ಮ ಮೇಲೆ ಕಾಸಿನಷ್ಟೂ ವಿಶ್ವಾಸವಿಲ್ಲದಿದ್ದರೂ ಬೇರೆ ದಾರಿಯಿಲ್ಲದೆ,

ತಮ್ಮ ವಿಶ್ವಾಸಿ,
ಶೆಡ್ಡಿನ ಹೊಲಿಗೆಯವಳು

ತಾ.ಕ.: ಭಾನುವಾರ ಎರೆಹುಳುವಿನ ಡಬ್ಬಿ ಹಿಂದಿನ ಸೀಟಿಗೆ ಹೋಗತಕ್ಕದ್ದು. ಉರುಳಿದರೆ ಉರುಳಲಿ. ಮುಂದಿನ ಸೀಟಿನಲ್ಲಿ ನಾನು ಕೂರುತ್ತೇನೆ. ಯಜಮಾನರ ಎಡಗೈ ಅಲ್ಲಿಂದ ನನಗೆ ಹತ್ತಿರ. ಗೇರು ಬದಲಿಸುವಾಗ ಬಿಡುತ್ತೇನೆ, ಉಳಿದಂತೆ ಮನೆ ಮುಟ್ಟುವವರೆಗೆ ಹಿಡಿದುಕೊಂಡೇ ಇರುತ್ತೇನೆ. ಮುಳ್ಳು ಮುಳುಗಲಿ, ತೇಲಲಿ. ಪೇಟೆ ಬೀದಿಯಲ್ಲಿ ಜನ ನೋಡಿ ಏನಾದರೂ ಅಂದುಕೊಂಡರೆ ಅಂದುಕೊಳ್ಳಲಿ, ಇದು ಬ್ರೇಕಿನ ವಿಷಯ. ಕತ್ತರಿ ಇನ್ನೊಂದು ಕೈಯಲ್ಲಿರುತ್ತದೆ, ಅದು ತಮಗಾಗಿ.